ಕೇಳಿ ತಿಳಿಯಿರಿ: ಫೋಟೊದ ಕೆಬಿ ಇಳಿಸುವುದು ಹೇಗೆ?

ಈ ಸಲದ ಅಂಕಣ ಪೂರ್ತಿ ಫೋಟೊ ಫೈಲಿನ ಗಾತ್ರಕ್ಕೆ ಮೀಸಲು. ಅರ್ಜಿ ಹಾಕುವವರು, ಸೀರೆ ಅಂಗಡಿಯವರು, ಗ್ರಂಥಾಲಯದವರು, ಶಿಕ್ಷಕರು ಕೇಳಿರುವುದೆಲ್ಲ ಒಂದೇ: ಫೈಲ್ ಸಣ್ಣದಾಗಬೇಕು, ಚಿತ್ರ ಕೆಡಬಾರದು. ಉತ್ತರ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಚಿತ್ರದೊಳಗೆ ಏನಿದೆ, ಅದನ್ನು ಎಲ್ಲಿ ನೋಡುತ್ತಾರೆ ಎನ್ನುವುದರ ಮೇಲೆ ಫಾರ್ಮ್ಯಾಟ್ ನಿರ್ಧಾರವಾಗುತ್ತದೆ.

ಪ್ರಶ್ನೆ: ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಗೆ ಅರ್ಜಿ ಹಾಕಬೇಕು. ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಇರಬೇಕಂತೆ. ಮೊಬೈಲ್ ಫೋಟೊವನ್ನು ಒಂದು ಆ್ಯಪ್‌ನಲ್ಲಿ 50 ಕೆಬಿಗೆ ಇಳಿಸಿದೆ, ಮುಖವೆಲ್ಲ ಚೌಕ ಚೌಕವಾಯಿತು. ಸಹಿಯನ್ನು 140×60 ಪಿಕ್ಸೆಲ್ ಮಾಡಿದರೆ 4 ಕೆಬಿ ಆಗಿ, ತೀರಾ ಚಿಕ್ಕದು ಎಂದು ತಿರಸ್ಕಾರವಾಗುತ್ತಿದೆ. ಏನು ಮಾಡಲಿ?
— ಪದವೀಧರೆ, ಹಾವೇರಿ

ಉತ್ತರ: ಫೋಟೊದಲ್ಲಿ ಪಿಕ್ಸೆಲ್ (ಚಿತ್ರದ ಚುಕ್ಕಿಗಳು) ವಿಪರೀತ ಉಳಿದಿವೆ, ಸಹಿಯಲ್ಲಿ ಸಾಲದಾಗಿವೆ. ಲೆಕ್ಕ ಹಾಕಿ ನೋಡಿ. ಮೊಬೈಲ್ ಫೋಟೊ 4000×3000 ಎಂದರೆ 1.2 ಕೋಟಿ ಪಿಕ್ಸೆಲ್. 50 ಕೆಬಿ ಎಂದರೆ, ಬೈಟ್‌ಗೆ 8 ಬಿಟ್‌ನಂತೆ, ಸುಮಾರು 4 ಲಕ್ಷ ಬಿಟ್. ಜೆಪೆಗ್ (ಜೆಪಿಜಿ) ಎಂಬ ಫಾರ್ಮ್ಯಾಟ್ ಚಿತ್ರವನ್ನು 8×8ರ, ಅಂದರೆ 64 ಪಿಕ್ಸೆಲ್‌ಗಳ ತುಂಡುಗಳಾಗಿ ಕತ್ತರಿಸಿ ಒಂದೊಂದನ್ನೇ ಕುಗ್ಗಿಸುತ್ತದೆ. ನಿಮ್ಮ ಫೈಲಿನಲ್ಲಿ ಒಂದೊಂದು ತುಂಡಿನ ಪಾಲಿಗೆ ಬಂದದ್ದು ಎರಡು ಬಿಟ್ ಮಾತ್ರ. ಅಷ್ಟರಲ್ಲಿ ತುಂಡಿಗೊಂದು ಬಣ್ಣ ಬರೆದಿಡುವುದೇ ಕಷ್ಟ, ವಿವರದ ಮಾತೇ ಇಲ್ಲ. ನಿಮಗೆ ಕಾಣುವ ಚೌಕಗಳು ಅವೇ.

ಐಬಿಪಿಎಸ್ ಸೂಚನೆಯಲ್ಲಿ ಫೋಟೊಗೆ 200×230 ಪಿಕ್ಸೆಲ್ ಎಂದಿದೆ. ಅಂದರೆ ಬರೀ 46 ಸಾವಿರ ಪಿಕ್ಸೆಲ್. ಮೊದಲು ಆ ಅಳತೆಗೆ ತಂದುಬಿಟ್ಟರೆ 50 ಕೆಬಿಯಲ್ಲಿ ಪ್ರತಿ ಪಿಕ್ಸೆಲ್‌ಗೂ 8–9 ಬಿಟ್ ಸಿಗುತ್ತದೆ. ಜೆಪೆಗ್‌ಗೆ 2 ಬಿಟ್ ಸಿಕ್ಕರೂ ಮುಖ ಚೆನ್ನಾಗಿಯೇ ಬರುತ್ತದೆ. ಹಾಗಾಗಿ ಮೊದಲು ಪಿಕ್ಸೆಲ್, ಆಮೇಲೆ ಕೆಬಿ. ಈ ಕ್ರಮ ತಿರುವುಮುರುವು ಮಾಡಬೇಡಿ.

ಕಂಪ್ಯೂಟರ್‌ನಲ್ಲಿ ಗಿಂಪ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಫೋಟೊ ತೆರೆದು ಕ್ರಾಪ್ ಉಪಕರಣ ಹಿಡಿಯಿರಿ. ಅದರ ಆಯ್ಕೆಗಳಲ್ಲಿ ‘ಫಿಕ್ಸ್ಡ್’ ಟಿಕ್ ಮಾಡಿ, ‘ಆಸ್ಪೆಕ್ಟ್ ರೇಷಿಯೊ’ ಜಾಗದಲ್ಲಿ 20:23 ಎಂದು ಹಾಕಿ ಮುಖ ಮತ್ತು ಭುಜ ಬರುವಂತೆ ಕತ್ತರಿಸಿ. ಈ ಹೆಜ್ಜೆ ಬಿಟ್ಟು ನೇರವಾಗಿ 200×230 ಮಾಡಿದರೆ 3:4 ಅನುಪಾತದ ಫೋಟೊ ಮೇಲಿಂದ ಅದುಮಿದಂತಾಗಿ ಮುಖ ಅಗಲವಾಗುತ್ತದೆ. ಆಮೇಲೆ ‘ಇಮೇಜ್’ ಮೆನುವಿನ ‘ಸ್ಕೇಲ್ ಇಮೇಜ್’ನಲ್ಲಿ ಅಗಲ 200 ಕೊಡಿ, ಎತ್ತರ ತಾನೇ 230 ಆಗುತ್ತದೆ. ಕೊನೆಗೆ ‘ಫೈಲ್’ ಮೆನುವಿನ ‘ಎಕ್ಸ್‌ಪೋರ್ಟ್ ಆ್ಯಸ್’ಗೆ ಹೋಗಿ ಹೆಸರಿನ ಕೊನೆಗೆ .ಜೆಪಿಜಿ ಎಂದು ಬರೆಯಿರಿ. ಆಗ ಬರುವ ಪೆಟ್ಟಿಗೆಯಲ್ಲಿ ‘ಶೋ ಪ್ರಿವ್ಯೂ ಇನ್ ಇಮೇಜ್ ವಿಂಡೊ’ ಟಿಕ್ ಮಾಡಿದರೆ ಕ್ವಾಲಿಟಿ ಪಟ್ಟಿ ಎಳೆದ ಹಾಗೆ ಫೈಲ್ ಎಷ್ಟು ಕೆಬಿ ಆಗುತ್ತದೆ ಎಂಬುದು ಅಲ್ಲೇ ತೋರುತ್ತದೆ. ಇಷ್ಟು ಸಣ್ಣ ಫೋಟೊಗೆ ಕ್ವಾಲಿಟಿ 80 ಇಟ್ಟರೆ 20 ಕೆಬಿಗಿಂತ ಕೆಳಗೆ ಬೀಳುವ ಸಾಧ್ಯತೆಯೇ ಹೆಚ್ಚು. 95ರ ಮೇಲೆ ಇಟ್ಟು, ಮುಂದುವರಿದ ಆಯ್ಕೆಗಳಲ್ಲಿ ಸಬ್‌ಸ್ಯಾಂಪ್ಲಿಂಗ್ 4:4:4 ಮಾಡಿ, ಅಂದರೆ ಬಣ್ಣದ ವಿವರದಲ್ಲಿ ಕಡಿತ ಬೇಡ ಎಂದು. 30–45 ಕೆಬಿ ಬಂದರೆ ಸಾಕು. ಗರಿಷ್ಠ ಮಿತಿಗೆ ಅಂಟಿಕೊಂಡು 49.9 ಮಾಡಬೇಡಿ, ಏಕೆಂದರೆ ಕೆಲವು ಕಡೆ ಕೆಬಿಗೆ 1024 ಬೈಟ್, ಕೆಲವು ಕಡೆ 1000 ಬೈಟ್ ಲೆಕ್ಕ. ವಿಂಡೋಸ್‌ನ ಪ್ರಾಪರ್ಟೀಸ್‌ನಲ್ಲಿ ‘ಸೈಜ್’ ನೋಡಿ, ಅದರ ಕೆಳಗಿನ ‘ಸೈಜ್ ಆನ್ ಡಿಸ್ಕ್’ ಅಲ್ಲ. ಅದು ಡಿಸ್ಕ್ ಹಿಡಿದಿಟ್ಟ ಜಾಗ, ಫೈಲಿನ ಗಾತ್ರವಲ್ಲ.

ಇನ್ನು ಸಹಿ. 140×60 ಎಂದರೆ 8,400 ಪಿಕ್ಸೆಲ್. ಒಂದಿಷ್ಟೂ ಕುಗ್ಗಿಸದೆ ಇಟ್ಟರೂ ಅದು ಸುಮಾರು 25 ಕೆಬಿ. ಬಿಳಿ ಹಾಳೆಯ ಮೇಲೆ ನಾಲ್ಕು ಕಪ್ಪು ಗೆರೆ ಇರುವ ಚಿತ್ರವನ್ನು ಜೆಪೆಗ್ ಸುಲಭವಾಗಿ 3–4 ಕೆಬಿಗೆ ತರುತ್ತದೆ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಸೂಚನೆಯಲ್ಲಿ 140×60 ಎಂಬುದರ ಪಕ್ಕ ‘ಪ್ರಿಫರ್ಡ್’ ಎಂದಿರುತ್ತದೆ, ಅಂದರೆ ಅದೇ ಅಳತೆ ಕಡ್ಡಾಯವಲ್ಲ. 7:3 ಅನುಪಾತ ಕೆಡಿಸದೆ 280×120 ಮಾಡಿ, ಕ್ವಾಲಿಟಿ 90ರ ಮೇಲಿಡಿ. ಸಾಮಾನ್ಯವಾಗಿ 10 ಕೆಬಿ ದಾಟುತ್ತದೆ, ದಾಟದಿದ್ದರೆ 350×150 ಮಾಡಿ. ಮೊಬೈಲ್‌ನಲ್ಲಿ ಸಹಿಯ ಫೋಟೊ ತೆಗೆದಿದ್ದರೆ ಹಾಳೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ‘ಕಲರ್ಸ್’ ಮೆನುವಿನ ‘ಲೆವೆಲ್ಸ್’ನಲ್ಲಿ ಬಲತುದಿಯ ಬಿಳಿ ತ್ರಿಕೋನವನ್ನು ಎಡಕ್ಕೆ ಎಳೆದರೆ ಹಾಳೆ ಬೆಳ್ಳಗಾಗಿ ಸಹಿ ಎದ್ದು ಕಾಣುತ್ತದೆ.

ಸೂಚನೆಯಲ್ಲಿ 200 ಡಿಪಿಐ (ಇಂಚಿಗೆ 200 ಚುಕ್ಕಿ) ಎಂದೂ ಬರೆದಿರುತ್ತಾರೆ. ಅದು ಸ್ಕ್ಯಾನರ್‌ಗೆ ಸಂಬಂಧಿಸಿದ ಮಾತು. ಸ್ಕ್ಯಾನ್ ಆದಮೇಲೆ ಫೈಲಿನೊಳಗಿನ ಡಿಪಿಐ ಸಂಖ್ಯೆಯನ್ನು 72ರಿಂದ 200ಕ್ಕೆ ತಿದ್ದಿದರೆ ಪಿಕ್ಸೆಲ್ಲೂ ಬದಲಾಗುವುದಿಲ್ಲ, ಕೆಬಿಯೂ ಬದಲಾಗುವುದಿಲ್ಲ.

ಆಧಾರ್, ಅಂಕಪಟ್ಟಿ, ಸಹಿ ಇವನ್ನು ಗೊತ್ತಿಲ್ಲದ ‘ಉಚಿತ ಕಂಪ್ರೆಸ್’ ಜಾಲತಾಣಗಳಿಗೆ ಹಾಕಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ. ಆ ಪ್ರತಿ ಅವರ ಸರ್ವರ್‌ನಲ್ಲಿ ಎಷ್ಟು ದಿನ ಇರುತ್ತದೆ ಎಂದು ತಿಳಿಯುವ ದಾರಿ ನಿಮಗಿಲ್ಲ. ತಂತ್ರಾಂಶ ಹಾಕಿಕೊಳ್ಳಲು ಆಗದವರು ಸ್ಕ್ವೂಷ್ ಎಂಬ ಜಾಲತಾಣ ಬಳಸಬಹುದು. ಅದು ಬ್ರೌಸರ್‌ನಲ್ಲೇ ತೆರೆದರೂ ಚಿತ್ರವನ್ನು ಹೊರಗೆ ಕಳಿಸದೆ ನಿಮ್ಮ ಯಂತ್ರದಲ್ಲೇ ಕುಗ್ಗಿಸುತ್ತದೆ.

ಪ್ರಶ್ನೆ: ಅರ್ಜಿಯಲ್ಲಿ ಜೆಪಿಜಿ ಮಾತ್ರ ಎಂದಿದೆ. ನನ್ನ ಬಳಿ ಇದ್ದ ಪಿಎನ್‌ಜಿ ಫೈಲಿನ ಹೆಸರನ್ನು .ಜೆಪಿಜಿ ಎಂದು ಬದಲಿಸಿದೆ. ಆದರೂ ‘ಇನ್‌ವ್ಯಾಲಿಡ್ ಫೈಲ್’ ಎನ್ನುತ್ತದೆ.
— ವಿದ್ಯಾರ್ಥಿ, ಸಿಂದಗಿ

ಉತ್ತರ: ಹೆಸರು ಬದಲಾಯಿತು, ಒಳಗಿನ ದತ್ತಾಂಶ ಹಾಗೇ ಇದೆ. ಪ್ರತಿ ಫಾರ್ಮ್ಯಾಟ್‌ಗೂ ಫೈಲಿನ ಮೊದಲ ಕೆಲವು ಬೈಟ್‌ಗಳಲ್ಲಿ ಒಂದು ಗುರುತು ಇರುತ್ತದೆ, ಜಾಲತಾಣ ಅದನ್ನು ಓದುತ್ತದೆ. ನೀವೂ ನೋಡಬಹುದು. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅರ್ಥವಾಗದ ಚಿಹ್ನೆಗಳ ನಡುವೆ ಮೊದಲ ಸಾಲಿನ ಆರಂಭದಲ್ಲೇ ಪಿ, ಎನ್, ಜಿ ಎಂಬ ಮೂರು ಇಂಗ್ಲಿಷ್ ಅಕ್ಷರ ಕಂಡರೆ ಅದು ಪಿಎನ್‌ಜಿ. ಜೆಪೆಗ್ ಆದರೆ ‘ಜೆಎಫ್‌ಐಎಫ್’ ಅಥವಾ ‘ಎಕ್ಸಿಫ್’, ವೆಬ್‌ಪಿ ಆದರೆ ‘ಆರ್‌ಐಎಫ್‌ಎಫ್’ ಎಂದು ಆರಂಭದಲ್ಲೇ ಕಾಣುತ್ತದೆ. ನೋಡಿ ಹಾಗೇ ಮುಚ್ಚಿ. ನೋಟ್‌ಪ್ಯಾಡ್‌ನಲ್ಲಿ ಸೇವ್ ಒತ್ತಿದಿರೋ ಚಿತ್ರ ಹಾಳು.

ನಿಜವಾಗಿ ಬದಲಿಸಬೇಕಾದರೆ ಪೇಂಟ್‌ನಲ್ಲಿ ತೆರೆದು ‘ಸೇವ್ ಆ್ಯಸ್’ನಲ್ಲಿ ಜೆಪೆಗ್ ಆರಿಸಿ. ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ಅಡಗಿಸಿಡುತ್ತದೆ. ಹಾಗಾಗಿ ‘ಫೋಟೊ.ಜೆಪಿಜಿ’ ಎಂದು ಕಾಣುವುದು ನಿಜಕ್ಕೂ ‘ಫೋಟೊ.ಜೆಪಿಜಿ.ಪಿಎನ್‌ಜಿ’ ಆಗಿರಬಹುದು. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಟಿಕ್ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಪಿಎನ್‌ಜಿಯಲ್ಲಿ ಗುಣಮಟ್ಟ ಚೆನ್ನಾಗಿರುತ್ತದೆ ಎಂದು ಮದುವೆ ಫೋಟೊಗಳನ್ನೆಲ್ಲ ಜೆಪೆಗ್‌ನಿಂದ ಪಿಎನ್‌ಜಿ ಮಾಡಿದೆ. 4 ಎಂಬಿ ಇದ್ದದ್ದು 20 ಎಂಬಿ ಆಗಿದೆ. ಸ್ಪಷ್ಟತೆಯಲ್ಲಿ ವ್ಯತ್ಯಾಸ ಕಾಣುತ್ತಿಲ್ಲ.
— ಓದುಗರು, ತುಮಕೂರು

ಉತ್ತರ: ಕಾಣುವುದೂ ಇಲ್ಲ. ಜೆಪೆಗ್ ಮಾಡುವಾಗ ಹೋದ ವಿವರ ಹೋಯಿತು. ಪಿಎನ್‌ಜಿ ಅದನ್ನು ಮರಳಿ ತರಲಾರದು, ಈಗ ಇರುವುದನ್ನು ಚುಕ್ಕಿ ಚುಕ್ಕಿಯೂ ಬಿಡದಂತೆ ಕಾಪಾಡುತ್ತದೆ ಅಷ್ಟೆ. ಜೆಪೆಗ್ ಬಿಟ್ಟುಹೋದ ಕಲೆಗಳನ್ನೂ ಸೇರಿಸಿ! ಕುಗ್ಗಿಸದ 1.2 ಕೋಟಿ ಪಿಕ್ಸೆಲ್ 36 ಎಂಬಿ ಆಗುತ್ತದೆ. ಒಂದು ಬಿಟ್ಟೂ ಕಳೆಯದೆ ಅದನ್ನು 20 ಎಂಬಿಗೆ ತಂದಿದ್ದೇ ಪಿಎನ್‌ಜಿಯ ಸಾಮರ್ಥ್ಯ. ಮೂಲ ಜೆಪೆಗ್‌ಗಳನ್ನು ಅಳಿಸಿಲ್ಲ ಎಂದುಕೊಳ್ಳುತ್ತೇವೆ. ಅವನ್ನಿಟ್ಟುಕೊಂಡು ಪಿಎನ್‌ಜಿಗಳನ್ನು ಅಳಿಸಿ. ಜೆಪೆಗ್ ಆಗಲೇ ಹೋಗಿದ್ದರೆ ಕ್ವಾಲಿಟಿ 92ರಲ್ಲಿ ಒಂದೇ ಒಂದು ಸಲ ಮತ್ತೆ ಜೆಪೆಗ್ ಮಾಡಿ, ಅಲ್ಲಿಗೆ ನಿಲ್ಲಿಸಿ.

ಪಿಎನ್‌ಜಿ ಗೆಲ್ಲುವುದು ಒಂದೇ ಬಣ್ಣ ಅಗಲವಾಗಿ ಹರಡಿರುವ ಚಿತ್ರದಲ್ಲಿ: ಸ್ಕ್ರೀನ್‌ಶಾಟ್, ನಕ್ಷೆ, ಗ್ರಾಫ್, ಟೈಪ್ ಮಾಡಿದ ಕನ್ನಡ ಪಠ್ಯ. ಆಮಂತ್ರಣ ಪತ್ರಿಕೆಯನ್ನು ಜೆಪೆಗ್ ಮಾಡಿ ಹಂಚಿದಾಗ ಅಕ್ಷರದ ಸುತ್ತ ಧೂಳು ಹಾರಿದಂತೆ ಕಾಣುತ್ತದಲ್ಲ, ಕೆಳಗಿನ ಒತ್ತಕ್ಷರವಂತೂ ಓದಲಾಗುವುದೇ ಇಲ್ಲ. ಚೂಪಾದ ಕಪ್ಪು ಬಿಳುಪು ಅಂಚನ್ನು 8×8 ತುಂಡಿನೊಳಗೆ ಮೆಲುವಾದ ಅಲೆಗಳ ಮೊತ್ತವಾಗಿ ಬರೆಯಹೊರಟಾಗ ಆಗುವುದೇ ಹಾಗೆ. ಅದೇ ಆಮಂತ್ರಣವನ್ನು ಪಿಎನ್‌ಜಿ ಮಾಡಿದರೆ ಅಕ್ಷರ ಶುದ್ಧವಾಗಿರುತ್ತದೆ, ಎಷ್ಟೋ ಸಲ ಫೈಲೂ ಸಣ್ಣದಾಗಿರುತ್ತದೆ. ಇನ್ನೂ ಇಳಿಸಬೇಕೆಂದರೆ ಬಣ್ಣಗಳನ್ನು 256ಕ್ಕೆ ಮಿತಿಗೊಳಿಸಿ. ಗಿಂಪ್‌ನಲ್ಲಿ ‘ಇಮೇಜ್’, ‘ಮೋಡ್’, ‘ಇಂಡೆಕ್ಸ್ಡ್’. ಸ್ಕ್ವೂಷ್‌ನಲ್ಲಿ ‘ರೆಡ್ಯೂಸ್ ಪ್ಯಾಲೆಟ್’. ಪಠ್ಯ ಮತ್ತು ನಕ್ಷೆಯ ಚಿತ್ರ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಕಾಶ, ಮುಖ ಇರುವ ಚಿತ್ರಕ್ಕೆ ಮಾತ್ರ ಇದನ್ನು ಮಾಡಬೇಡಿ, ಬಣ್ಣ ಪಟ್ಟೆ ಪಟ್ಟೆಯಾಗುತ್ತದೆ.

ಪ್ರಶ್ನೆ: ಇಳಕಲ್ ಸೀರೆ ಮಾರುವ ಜಾಲತಾಣ ನಮ್ಮದು. ಒಂದು ಪುಟದಲ್ಲಿ 40 ಫೋಟೊ, ಒಂದೊಂದೂ 5 ಎಂಬಿ. ತೆರೆಯಲು ಬಹಳ ಹೊತ್ತು. ಎಲ್ಲವನ್ನೂ ವೆಬ್‌ಪಿ ಮಾಡಿಸಿದೆವು, ವೇಗ ಬಂತು, ಆದರೆ ಸೆರಗಿನ ಕೆಂಪು ಹರಡಿದಂತೆ ಕಾಣುತ್ತಿದೆ. ಗ್ರಾಹಕರು ಬಣ್ಣ ಬಿಡುತ್ತದಾ ಎಂದು ಕೇಳುತ್ತಿದ್ದಾರೆ.
— ಸೀರೆ ವ್ಯಾಪಾರಿ, ಬಾಗಲಕೋಟೆ ಜಿಲ್ಲೆ

ಉತ್ತರ: ನೀವು ಗಮನಿಸಿದ್ದು ಸರಿಯಾಗಿದೆ, ಇದಕ್ಕೆ ಖಚಿತವಾದ ಕಾರಣವಿದೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಸೂಕ್ಷ್ಮವಾಗಿ ಹಿಡಿಯುತ್ತದೆ, ಬಣ್ಣದ ಏರಿಳಿತವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಅದನ್ನು ನಂಬಿಕೊಂಡು ಈ ಫಾರ್ಮ್ಯಾಟ್‌ಗಳು ಬೆಳಕನ್ನು ಪ್ರತಿ ಪಿಕ್ಸೆಲ್‌ಗೂ, ಬಣ್ಣವನ್ನು 2×2ರ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದನ್ನೂ ದಾಖಲಿಸುತ್ತವೆ. 4:2:0 ಎಂದು ಕರೆಯುವುದು ಇದನ್ನೇ. ಗುಡ್ಡ, ಗಿಡ, ಮುಖಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಟೋಪ್ ತೆನಿ ಸೆರಗಿನಲ್ಲಿ ದಟ್ಟ ಕೆಂಪಿನ ಪಕ್ಕದಲ್ಲೇ ಬಿಳಿಯ ಸಣ್ಣ ಗೋಪುರಗಳು ಸಾಲಾಗಿರುತ್ತವೆ. ಒಂದೆರಡು ಪಿಕ್ಸೆಲ್ ಅಗಲದ ಆ ಬಿಳಿ ತುದಿಗೆ ಪಕ್ಕದ ಕೆಂಪಿನ ಪಾಲು ಬಂದು ಗುಲಾಬಿಯಾಗುತ್ತದೆ. ಕಸೂತಿಗೂ ಇದೇ ಗತಿ. ಜೆಪೆಗ್‌ನಲ್ಲಿ ಈ ಕಡಿತವನ್ನು ನಿಲ್ಲಿಸಬಹುದು. ವೆಬ್‌ಪಿಯ ಸಾಮಾನ್ಯ ವಿಧಾನದಲ್ಲಿ 4:2:0 ಬಿಟ್ಟರೆ ಬೇರೆ ಆಯ್ಕೆಯೇ ಇಲ್ಲ.

ಮೊದಲು ಅಳತೆ. 4000 ಪಿಕ್ಸೆಲ್ ಅಗಲದ ಫೋಟೊವನ್ನು ಮೊಬೈಲ್ ಪರದೆಗೆ ಕಳಿಸುವುದು ದುಂದು. ಪಟ್ಟಿಯಲ್ಲಿ ಕಾಣುವ ಚಿಕ್ಕ ಚಿತ್ರಕ್ಕೆ 600, ಒತ್ತಿದಾಗ ತೆರೆಯುವ ದೊಡ್ಡ ಚಿತ್ರಕ್ಕೆ 1600 ಪಿಕ್ಸೆಲ್ ಸಾಕು. ಅಗಲ 4000ದಿಂದ 1600ಕ್ಕೆ ಇಳಿದರೆ ಒಟ್ಟು ಪಿಕ್ಸೆಲ್ ಆರನೇ ಒಂದು ಭಾಗಕ್ಕಿಂತ ಕಡಿಮೆ ಆಗುತ್ತದೆ, ಫಾರ್ಮ್ಯಾಟ್ ಬದಲಿಸುವ ಮೊದಲೇ.

ಆಮೇಲೆ ಫಾರ್ಮ್ಯಾಟ್. ಪೂರ್ತಿ ಸೀರೆ, ಮಡಿಕೆ, ಉಟ್ಟವರ ಫೋಟೊಗೆ ವೆಬ್‌ಪಿ ಕ್ವಾಲಿಟಿ 78–80 ಚೆನ್ನಾಗಿ ಸಾಗುತ್ತದೆ. ಸ್ಕ್ವೂಷ್‌ನ ವೆಬ್‌ಪಿ ಮುಂದುವರಿದ ಆಯ್ಕೆಗಳಲ್ಲಿ ‘ಶಾರ್ಪ್ ಆರ್‌ಜಿಬಿ ಟು ವೈಯುವಿ ಕನ್ವರ್ಷನ್’ ಟಿಕ್ ಮಾಡಿ, ಬಣ್ಣ ಹರಡುವುದು ಬಹುಮಟ್ಟಿಗೆ ತಗ್ಗುತ್ತದೆ. ಸೆರಗಿನ ಹತ್ತಿರದ ನೋಟಕ್ಕೆ ಮಾತ್ರ ಮೊಜ್‌ಜೆಪೆಗ್ (ಅಲ್ಲಿ ಜೆಪೆಗ್ ಮಾಡುವ ಆಯ್ಕೆ) ಆರಿಸಿ, ‘ಆಟೊ ಸಬ್‌ಸ್ಯಾಂಪಲ್ ಕ್ರೋಮಾ’ ತೆಗೆದು 4:4:4 ಆಗುವಂತೆ ನೋಡಿಕೊಂಡು ಕ್ವಾಲಿಟಿ 82 ಇಡಿ. ಎವಿಐಎಫ್ ಎಂಬ ಹೊಸ ಫಾರ್ಮ್ಯಾಟ್‌ನಲ್ಲೂ 4:4:4 ಸಾಧ್ಯ, ಫೈಲ್ ಇನ್ನೂ ಚಿಕ್ಕದಾಗುತ್ತದೆ. ಸ್ಕ್ವೂಷ್‌ನಲ್ಲಿ ನಡುವಿನ ಗೆರೆಯನ್ನು ಆಚೆ ಈಚೆ ಎಳೆದರೆ ಮೂಲ ಮತ್ತು ಹೊಸದು ಅಕ್ಕಪಕ್ಕ ಕಾಣುತ್ತವೆ. ನೂರಕ್ಕೆ ನೂರು ಅಳತೆಯಲ್ಲಿ ಗೋಪುರದ ತುದಿ ನೋಡಿ ತೀರ್ಮಾನಿಸಿ, ಹಿಗ್ಗಿಸಿ ಹಿಗ್ಗಿಸಿ ದೋಷ ಹುಡುಕಬೇಡಿ. ಸೀರೆ ವ್ಯಾಪಾರದಲ್ಲಿ 30 ಕೆಬಿ ಉಳಿತಾಯಕ್ಕಿಂತ ಬಣ್ಣದ ನಂಬಿಕೆ ದೊಡ್ಡದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹಳೆಯ ಫೋನುಗಳ ಚಿಂತೆ ಬೇಕಿಲ್ಲ. ವೆಬ್‌ಪಿಯನ್ನು ಗೂಗಲ್ 2010ರಲ್ಲೇ ಬಿಡುಗಡೆ ಮಾಡಿತು, ಐಫೋನ್‌ನ ಸಫಾರಿಯಲ್ಲಿ 2020ರಿಂದ ತೆರೆಯುತ್ತದೆ. ಎವಿಐಎಫ್ ಕ್ರೋಮ್‌ನಲ್ಲಿ 2020ರಿಂದ, ಫೈರ್‌ಫಾಕ್ಸ್‌ನಲ್ಲಿ 2021ರಿಂದ, ಸಫಾರಿಯಲ್ಲಿ 2022ರಿಂದ ಇದೆ. ನಿಮ್ಮದು ವರ್ಡ್‌ಪ್ರೆಸ್ ಆಗಿದ್ದರೆ ವೆಬ್‌ಪಿಗೆ 5.8, ಎವಿಐಎಫ್‌ಗೆ 6.5 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಐಫೋನ್‌ನಿಂದ ಕಳಿಸುವ ಫೋಟೊಗಳು ಎಚ್‌ಇಐಸಿ ಅಂತೆ, ನಮ್ಮ ಊರಿನ ಸ್ಟುಡಿಯೊದಲ್ಲಿ ತೆರೆಯುವುದಿಲ್ಲ. ಜೆಪೆಗ್ ಮಾಡಿದರೆ 2 ಎಂಬಿ ಇದ್ದದ್ದು 4 ಎಂಬಿ ಆಗುತ್ತದೆ, ಬಣ್ಣವೂ ಸ್ವಲ್ಪ ಕಂದುತ್ತದೆ.
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ದೊಡ್ಡದಾಗುವುದು ಸಹಜ. 2017ರ ಐಒಎಸ್ 11ರಿಂದ ಐಫೋನ್ ಬಳಸುತ್ತಿರುವ ಎಚ್‌ಇಐಸಿಯ ಕುಗ್ಗಿಸುವ ವಿಧಾನ ಎಚ್‌ಇವಿಸಿ ಎಂಬ ವಿಡಿಯೊ ತಂತ್ರದ್ದು. 1992ರ ಜೆಪೆಗ್‌ಗಿಂತ ಅದು ಬಹಳ ಚತುರ. ಮುದ್ರಿಸಲು ಕೊಡುವುದಾದರೆ ಆ 4 ಎಂಬಿಯನ್ನು ಹಾಗೇ ಕೊಡಿ, ಮತ್ತೆ ಕುಗ್ಗಿಸಲು ಹೋಗಬೇಡಿ.

ಬಣ್ಣ ಕಂದಲು ಕಾರಣ ಪ್ರೊಫೈಲ್. ಐಫೋನ್ ಫೋಟೊಗಳು ಡಿಸ್‌ಪ್ಲೇ ಪಿ3 ಎಂಬ ಅಗಲವಾದ ಬಣ್ಣವ್ಯಾಪ್ತಿಯಲ್ಲಿರುತ್ತವೆ, ಅದನ್ನು ಹೇಳುವ ಚೀಟಿ ಫೈಲಿನೊಳಗಿರುತ್ತದೆ. ಕೆಲವು ತಂತ್ರಾಂಶಗಳು ಗಾತ್ರ ಇಳಿಸುವ ಭರದಲ್ಲಿ ಆ ಚೀಟಿಯನ್ನೇ ಕಿತ್ತುಹಾಕುತ್ತವೆ. ಆಗ ಸ್ಟುಡಿಯೊದ ಕಂಪ್ಯೂಟರ್ ಅದನ್ನು ಸಾಮಾನ್ಯ ಎಸ್‌ಆರ್‌ಜಿಬಿ ಎಂದು ತಿಳಿದು ಬಣ್ಣ ಪೇಲವವಾಗಿ ತೋರಿಸುತ್ತದೆ. ಬದಲಿಸುವಾಗ ‘ಕನ್ವರ್ಟ್ ಟು ಎಸ್‌ಆರ್‌ಜಿಬಿ’ ಆಯ್ಕೆ ಇದ್ದರೆ ಅದನ್ನು ಮಾಡಿ.

ಮುಂದಿನ ಫೋಟೊಗಳಿಗೆ ಮಗಳಿಗೆ ಹೇಳಿ: ‘ಸೆಟಿಂಗ್ಸ್’, ‘ಕ್ಯಾಮೆರಾ’, ‘ಫಾರ್ಮ್ಯಾಟ್ಸ್’ ಒಳಗೆ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ನೇರ ಜೆಪೆಗ್ ಆಗಿಯೇ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿಯೇ ಕಳಿಸುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಲಿ.

ಪ್ರಶ್ನೆ: ನಮ್ಮ ಗ್ರಂಥಾಲಯದ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡುತ್ತಿದ್ದೇವೆ. 300 ಡಿಪಿಐ ಬಣ್ಣದ ಟಿಫ್‌ನಲ್ಲಿ ಡೆಮಿ 1/8 ಗಾತ್ರದ 200 ಪುಟದ ಪುಸ್ತಕ ಎರಡೂವರೆ ಜಿಬಿ ಆಗುತ್ತಿದೆ. ಜೆಪೆಗ್ ಮಾಡಿ ಪಿಡಿಎಫ್ ಮಾಡಿದರೆ ಅಕ್ಷರ ಮಸುಕು. ದಾರಿ ಏನು?
— ಗ್ರಂಥಾಲಯದ ಕಾರ್ಯಕರ್ತರು, ಧಾರವಾಡ

ಉತ್ತರ: ಈ ಕೆಲಸ ಮಾಡುತ್ತಿರುವವರಿಗೆ ತುಸು ವಿವರವಾಗಿಯೇ ಹೇಳಬೇಕು. ಡೆಮಿ 1/8 ಪುಟ 5.5×8.5 ಇಂಚು. 300 ಡಿಪಿಐನಲ್ಲಿ 1650×2550, ಅಂದರೆ 42 ಲಕ್ಷ ಪಿಕ್ಸೆಲ್. ಬಣ್ಣದಲ್ಲಿ ಪಿಕ್ಸೆಲ್‌ಗೆ 3 ಬೈಟ್, ಪುಟಕ್ಕೆ 12.6 ಎಂಬಿ. ಬೂದು ಛಾಯೆಯಲ್ಲಿ ಪಿಕ್ಸೆಲ್‌ಗೆ 1 ಬೈಟ್, 4.2 ಎಂಬಿ. ಬರೀ ಕಪ್ಪು ಇಲ್ಲವೇ ಬಿಳಿ ಎಂದರೆ ಪಿಕ್ಸೆಲ್‌ಗೆ 1 ಬಿಟ್, ಅರ್ಧ ಎಂಬಿ. ಈ ಕೊನೆಯದನ್ನು ಫ್ಯಾಕ್ಸ್ ಯಂತ್ರಗಳಿಗಾಗಿ ರೂಪಿಸಿದ ಗ್ರೂಪ್ 4 ವಿಧಾನದಲ್ಲಿ ಕುಗ್ಗಿಸಿದರೆ ಒಂದು ಚುಕ್ಕಿಯೂ ನಷ್ಟವಾಗದೆ ಪುಟ ಕೆಲವೇ ಹತ್ತು ಕೆಬಿಗೆ ಇಳಿಯುತ್ತದೆ. ಪುಟಕ್ಕೆ 50 ಕೆಬಿ ಹಿಡಿದರೂ ಪುಸ್ತಕ 10 ಎಂಬಿ.

ಆದರೆ 300 ಡಿಪಿಐನಲ್ಲಿ ನೇರವಾಗಿ ಕಪ್ಪು ಬಿಳುಪು ಮಾಡಬೇಡಿ. ಕನ್ನಡದಲ್ಲಿ ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ನಡುವಿನ ವ್ಯತ್ಯಾಸವೆಲ್ಲ ಅಕ್ಷರದ ಬುಡದ ಒಂದು ಸಣ್ಣ ಸೀಳು ಅಥವಾ ಗೆರೆಯಲ್ಲಿದೆ. ಪ ಮತ್ತು ಷ ನಡುವೆ ಹೊಟ್ಟೆಯೊಳಗಿನ ಒಂದು ಗೀಟು. ಅಚ್ಚುಮೊಳೆಯ ಮುದ್ರಣದಲ್ಲಿ ಮಸಿ ಈಗಾಗಲೇ ಹರಡಿರುತ್ತದೆ, ಕಾಗದ ಹಳದಿಯಾಗಿರುತ್ತದೆ. ಬೂದು ಅಂಚನ್ನು ಕಪ್ಪು ಎಂದು ಎಣಿಸಿದರೆ ಆ ಸೀಳು ಮುಚ್ಚಿಹೋಗುತ್ತದೆ, ಬಿಳಿ ಎಂದು ಎಣಿಸಿದರೆ ಗೆರೆ ತುಂಡಾಗುತ್ತದೆ. ಒತ್ತಕ್ಷರಗಳಿಗಂತೂ ಇದು ದುಪ್ಪಟ್ಟು. ಅದಕ್ಕೇ ಸ್ಕ್ಯಾನ್ ಮಾಡುವಾಗ ಬೂದು ಛಾಯೆ, 400 ಡಿಪಿಐ. ಕಪ್ಪು ಬಿಳುಪಿನ ಔಟ್‌ಪುಟ್ 600 ಡಿಪಿಐ. 300ಕ್ಕೆ ಹೋಲಿಸಿದರೆ ಪಿಕ್ಸೆಲ್ ನಾಲ್ಕು ಪಟ್ಟಾದರೂ ಗ್ರೂಪ್ 4ರಲ್ಲಿ ಫೈಲ್ ನಾಲ್ಕು ಪಟ್ಟಾಗುವುದಿಲ್ಲ, ಸುಮಾರು ಎರಡು ಪಟ್ಟು ಆಗಬಹುದು. ಏಕೆಂದರೆ ಅದು ಬರೆಯುವುದು ಕಪ್ಪು ಬಿಳುಪು ಬದಲಾಗುವ ಅಂಚುಗಳನ್ನು ಮಾತ್ರ.

ಈ ಪರಿವರ್ತನೆಗೆ ಸ್ಕ್ಯಾನ್ ಟೇಲರ್ ಎಂಬ ಉಚಿತ ತಂತ್ರಾಂಶ ಹೇಳಿ ಮಾಡಿಸಿದ್ದು. ದಿಕ್ಕು ಸರಿಪಡಿಸುವುದು, ಜೋಡಿ ಪುಟ ಬೇರ್ಪಡಿಸುವುದು, ಓರೆ ತಿದ್ದುವುದು, ಪಠ್ಯಭಾಗ ಗುರುತಿಸುವುದು, ಅಂಚು ಬಿಡುವುದು, ಔಟ್‌ಪುಟ್ ಎಂದು ಆರು ಹಂತ ಎಡಭಾಗದಲ್ಲೇ ಸಾಲಾಗಿರುತ್ತವೆ. ಕೊನೆಯ ಹಂತದಲ್ಲಿ ಕಪ್ಪು ಬಿಳುಪು ಆರಿಸಿ, ‘ತಿನ್ನರ್–ಥಿಕ್ಕರ್’ ಪಟ್ಟಿಯನ್ನು ತುಸುವೇ ತೆಳುವಿನ ಕಡೆಗೆ ಎಳೆಯಿರಿ. ಪುಸ್ತಕದಲ್ಲಿ ಧ, ಭ, ಷ ಮತ್ತು ಒತ್ತಕ್ಷರ ಹೆಚ್ಚಿರುವ ಒಂದು ಪುಟ ಹುಡುಕಿ ಅದರ ಮೇಲೆ ಪರೀಕ್ಷಿಸಿ, ಸರಿ ಎನಿಸಿದ ಮೇಲೆ ಎಲ್ಲ ಪುಟಕ್ಕೂ ಅನ್ವಯಿಸಿ. ಕಲೆ ತೆಗೆಯುವ ‘ಡಿಸ್ಪೆಕಲ್’ ಕನಿಷ್ಠ ಮಟ್ಟದಲ್ಲಿರಲಿ, ಜೋರು ಮಾಡಿದರೆ ಪೂರ್ಣವಿರಾಮದ ಚುಕ್ಕಿಗಳೂ ಧೂಳಿನ ಜೊತೆ ಹೋಗುತ್ತವೆ. ಚಿತ್ರಗಳಿರುವ ಪುಟಕ್ಕೆ ‘ಮಿಕ್ಸ್ಡ್’ ವಿಧಾನ ಇದೆ: ಪಠ್ಯ ಕಪ್ಪು ಬಿಳುಪಾಗಿ, ಚಿತ್ರ ಛಾಯೆಯಾಗಿ ಉಳಿಯುತ್ತದೆ.

ಬಂದ ಟಿಫ್‌ಗಳನ್ನು ಪಿಡಿಎಫ್ ಮಾಡುವಾಗ ಇನ್ನೊಂದು ಅಪಾಯವಿದೆ. ಜೆಬಿಗ್2 ಎಂಬ ವಿಧಾನ ಗ್ರೂಪ್ 4ಕ್ಕಿಂತಲೂ ಚಿಕ್ಕ ಫೈಲ್ ಕೊಡುತ್ತದೆ. ಅದರಲ್ಲಿ ನಷ್ಟವಿಲ್ಲದ ಬಗೆಯೂ ಉಂಟು, ನಷ್ಟವಾಗುವ ಬಗೆಯೂ ಉಂಟು. ಎರಡನೆಯದು ಒಂದೇ ತರಹ ಕಾಣುವ ಅಕ್ಷರಗಳನ್ನು ಗುಂಪು ಮಾಡಿ, ಒಂದರ ಚಿತ್ರವನ್ನೇ ಎಲ್ಲ ಕಡೆ ಅಂಟಿಸುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ತಜ್ಞ ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳಲ್ಲಿ ಸ್ಕ್ಯಾನ್ ಮಾಡಿದ ಕಟ್ಟಡದ ನಕ್ಷೆಯಲ್ಲಿ ಕೋಣೆಗಳ ವಿಸ್ತೀರ್ಣದ ಅಂಕಿಗಳೇ ಬದಲಾಗಿರುವುದನ್ನು ತೋರಿಸಿಕೊಟ್ಟರು. ಮಸುಕು ಇಲ್ಲ, ಕಲೆ ಇಲ್ಲ, ಅಂಕಿ ಸ್ಪಷ್ಟವಾಗಿದೆ, ಆದರೆ ತಪ್ಪು ಅಂಕಿ. ಕಾರಣ ಇದೇ ವಿಧಾನ. ಜೆಪೆಗ್ ಕೆಟ್ಟರೆ ಕೆಟ್ಟಿದೆ ಎಂದು ಕಾಣುತ್ತದೆ, ಇದು ಕಾಣುವುದಿಲ್ಲ. ದ ಇರುವಲ್ಲಿ ಧ, ಬ ಇರುವಲ್ಲಿ ಭ ಕೂತರೆ ಮುಂದೆ ಆ ಪುಸ್ತಕ ಆಧರಿಸಿ ಪಾಠ ಸಿದ್ಧಪಡಿಸುವವರು ಯಾರನ್ನು ಕೇಳಬೇಕು? ಪಿಡಿಎಫ್ ತಂತ್ರಾಂಶದಲ್ಲಿ ಗ್ರೂಪ್ 4 ಅಥವಾ ‘ಲಾಸ್‌ಲೆಸ್’ ಜೆಬಿಗ್2 ಮಾತ್ರ ಆರಿಸಿ.

ಕೈಬರಹ, ಕಡತ, ಪೆನ್ಸಿಲ್ ಟಿಪ್ಪಣಿ ಇರುವ ಪುಟಗಳನ್ನು ಕಪ್ಪು ಬಿಳುಪು ಮಾಡಲೇಬೇಡಿ. ಅಲ್ಲಿ ಮಸಿಯ ದಟ್ಟತನವೂ ಮಾಹಿತಿಯೇ. ಬೂದು ಛಾಯೆ ಅಥವಾ ಬಣ್ಣದ ಜೆಪೆಗ್, ಕ್ವಾಲಿಟಿ 80, 300 ಡಿಪಿಐ. ಮತ್ತೆ ಸ್ಕ್ಯಾನ್ ಮಾಡಲಾಗದಷ್ಟು ಜೀರ್ಣವಾದ ಪುಸ್ತಕಗಳ ಮೂಲ ಟಿಫ್ ಅಳಿಸಬೇಡಿ. ಎಲ್‌ಜೆಡ್‌ಡಬ್ಲ್ಯೂ ಅಥವಾ ಜಿಪ್ ಆಯ್ಕೆಯಲ್ಲಿ ಸೇವ್ ಮಾಡಿದರೆ ನಷ್ಟವಿಲ್ಲದೆ ಒಂದಿಷ್ಟು ಇಳಿಯುತ್ತದೆ, ಅದನ್ನು ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕ್‌ನಲ್ಲಿಡಿ.

ಪ್ರಶ್ನೆ: ಸಂಘದ ಲಾಂಛನವನ್ನು ಪಿಎನ್‌ಜಿಯಿಂದ ಜೆಪೆಗ್ ಮಾಡಿದರೆ ಹಿನ್ನೆಲೆ ಕಪ್ಪಾಗುತ್ತದೆ.
— ಯುವಕ ಸಂಘದ ಕಾರ್ಯದರ್ಶಿ, ಕುಂದಾಪುರ

ಉತ್ತರ: ಜೆಪೆಗ್‌ಗೆ ಪಾರದರ್ಶಕತೆ ಗೊತ್ತಿಲ್ಲ. ಖಾಲಿ ಜಾಗಕ್ಕೆ ಏನಾದರೂ ಬಣ್ಣ ತುಂಬಲೇಬೇಕು, ಕೆಲವು ತಂತ್ರಾಂಶ ಕಪ್ಪು ತುಂಬುತ್ತವೆ. ಗಿಂಪ್‌ನಲ್ಲಿ ಹಿನ್ನೆಲೆ ಬಣ್ಣ ಬಿಳಿ ಮಾಡಿಕೊಂಡು ‘ಇಮೇಜ್’ ಮೆನುವಿನ ‘ಫ್ಲಾಟನ್ ಇಮೇಜ್’ ಒತ್ತಿ, ಆಮೇಲೆ ಜೆಪೆಗ್ ಮಾಡಿ. ಆದರೆ ಲಾಂಛನವನ್ನು ಜೆಪೆಗ್ ಮಾಡುವ ಅಗತ್ಯವಾದರೂ ಏನು? ಜಾಲತಾಣಕ್ಕೆ ಎಸ್‌ವಿಜಿ (ಪಿಕ್ಸೆಲ್ ಬದಲು ಗೆರೆ, ಆಕಾರಗಳನ್ನು ಬರೆದಿಡುವ ಫಾರ್ಮ್ಯಾಟ್), ಉಳಿದೆಡೆ 256 ಬಣ್ಣದ ಪಿಎನ್‌ಜಿ ಎರಡೂ ಇನ್ನೂ ಹಗುರ. ಫ್ಲೆಕ್ಸ್ ಮಾಡುವವರಿಗೆ, ವಿನ್ಯಾಸ ಮಾಡಿದವರಿಂದ ಮೂಲ ಕೋರೆಲ್‌ಡ್ರಾ ಫೈಲನ್ನೇ ಕೇಳಿ ಪಡೆದು ಕೊಡಿ.

ಪ್ರಶ್ನೆ: ಶಾಲೆಯ ಕಾರ್ಯಕ್ರಮದ 600 ಫೋಟೊ ಇವೆ. ಒಟ್ಟಿಗೆ ಇಳಿಸುವುದು ಹೇಗೆ? ಹಿಂದಿನ ಸಲ ಮಾಡಿದಾಗ ಅರ್ಧದಷ್ಟು ಫೋಟೊ ಅಡ್ಡಡ್ಡ ಮಲಗಿದ್ದವು.
— ಶಿಕ್ಷಕಿ, ಚಾಮರಾಜನಗರ

ಉತ್ತರ: ಫೋನನ್ನು ನೆಟ್ಟಗೆ ಹಿಡಿದು ತೆಗೆದರೂ ಹಲವು ಫೋನುಗಳು ಪಿಕ್ಸೆಲ್‌ಗಳನ್ನು ಅಡ್ಡವಾಗಿಯೇ ಬರೆದು, ‘ತೋರಿಸುವಾಗ ತಿರುಗಿಸು’ ಎಂಬ ಸೂಚನೆಯನ್ನು ಎಕ್ಸಿಫ್ ಎಂಬ ಮಾಹಿತಿಯಲ್ಲಿ ಸೇರಿಸುತ್ತವೆ. ಕುಗ್ಗಿಸುವ ತಂತ್ರಾಂಶ ಎಕ್ಸಿಫ್ ಅಳಿಸಿದಾಗ ಆ ಸೂಚನೆಯೂ ಹೋಗಿ ಫೋಟೊ ಮಲಗುತ್ತದೆ. ಹಾಗಾಗಿ ಮೊದಲು ಪಿಕ್ಸೆಲ್‌ಗಳನ್ನೇ ತಿರುಗಿಸಿ, ಆಮೇಲೆ ಎಕ್ಸಿಫ್ ಅಳಿಸಬೇಕು. ಮಕ್ಕಳ ಫೋಟೊ ಸಾರ್ವಜನಿಕವಾಗಿ ಹಾಕುವಾಗ ಎಕ್ಸಿಫ್ ಅಳಿಸುವುದು ಅಗತ್ಯವೂ ಹೌದು, ಅದರಲ್ಲಿ ಫೋಟೊ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಇರಬಹುದು.

ವಿಂಡೋಸ್‌ನಲ್ಲಿ ಇರ್ಫಾನ್‌ವ್ಯೂ ಎಂಬ ತಂತ್ರಾಂಶ ತೆರೆದು ಬಿ ಕೀಲಿ ಒತ್ತಿದರೆ ‘ಬ್ಯಾಚ್ ಕನ್ವರ್ಷನ್’ ಬರುತ್ತದೆ. ಔಟ್‌ಪುಟ್ ಜೆಪಿಜಿ ಆರಿಸಿ, ‘ಆಪ್ಷನ್ಸ್’ನಲ್ಲಿ ಕ್ವಾಲಿಟಿ 80 ಇಟ್ಟು ‘ಕೀಪ್ ಒರಿಜಿನಲ್ ಎಕ್ಸಿಫ್’ ಟಿಕ್ ತೆಗೆಯಿರಿ. ‘ಅಡ್ವಾನ್ಸ್ಡ್’ ಒಳಗೆ ಉದ್ದದ ಬದಿಗೆ 1600 ಕೊಟ್ಟು, ಚಿಕ್ಕ ಚಿತ್ರಗಳನ್ನು ಹಿಗ್ಗಿಸಬೇಡ ಎಂಬ ಆಯ್ಕೆಯನ್ನೂ ಎಕ್ಸಿಫ್ ಪ್ರಕಾರ ತಿರುಗಿಸುವ ಆಯ್ಕೆಯನ್ನೂ ಟಿಕ್ ಮಾಡಿ. ಔಟ್‌ಪುಟ್ ಫೋಲ್ಡರ್ ಬೇರೆಯೇ ಇರಲಿ. ಅದೇ ಫೋಲ್ಡರ್ ಕೊಟ್ಟರೆ ಮೂಲ ಫೋಟೊಗಳ ಮೇಲೆಯೇ ಚಿಕ್ಕವು ಬಂದು ಕೂರಬಹುದು, ಮುಂದೆ ಸ್ಮರಣ ಸಂಚಿಕೆಗೆ ಪೂರ್ಣಪುಟದ ಫೋಟೊ ಬೇಕಾದಾಗ ಏನೂ ಉಳಿದಿರುವುದಿಲ್ಲ. 600ಕ್ಕೂ ಒಮ್ಮೆಗೇ ಒತ್ತುವ ಮೊದಲು ನೆಟ್ಟಗಿನ ಐದು, ಅಡ್ಡದ ಐದು ಫೋಟೊ ಹಾಕಿ ನೋಡಿ. ಅವು ಸರಿಯಾಗಿ ನಿಂತಿದ್ದರೆ ಉಳಿದವನ್ನು ಸೇರಿಸಿ ‘ಸ್ಟಾರ್ಟ್ ಬ್ಯಾಚ್’ ಒತ್ತಿ.